ಅಕ್ಕಿಯ ತೌಡು, ಬಟಾವಿಯದ ಕೋಳಿ ಮತ್ತು ಅರಳುಮರಳು

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಹಿರಿಯರು ಮರೆವನ್ನು ಒಂದು ರೋಗವೆಂದು ಎಣಿಸಿದವರಲ್ಲ. ಅರುವತ್ತಕ್ಕೆ ಅರಳುಮರಳು ಎಂದು ಹೇಳಿ, ಅಜ್ಜನ ಕೈಗೆ ಊರುಗೋಲು ಕೊಟ್ಟು, ಮೊಮ್ಮಗನೊಬ್ಬನನ್ನು ಜೊತೆಗೆ ಕಳುಹಿಸಿ ಸುಮ್ಮನಾಗುತ್ತಿದ್ದರು. ಇಂದು ಅಜ್ಜ ಮೈಸೂರಿನಲ್ಲಿ, ಮೊಮ್ಮಗ ಐಂಡ್‌ಹೋವನ್ನಿನಲ್ಲಿ. ನಡುವೆ ಉಳಿದಿರುವುದು ದೂರವಾಣಿ ಮಾತ್ರ. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುವ ತಂದೆಯ ಧ್ವನಿಯನ್ನು ಕೇಳಿದ ಮೇಲೆ ನಮ್ಮಲ್ಲಿಗೆ ಬರುವವರು ಈಚೆಗೆ ಕೇಳುವುದು ಇದನ್ನೇ: “ಡಾಕ್ಟ್ರೇ, ಮೈಟೋಕಾಂಡ್ರಿಯಕ್ಕೆ ಶಕ್ತಿ ಕೊಡುವ ಮಾತ್ರೆಗಳಿವೆಯಂತೆ, ಊರಿಗೆ ಕಳುಹಿಸಬಹುದೇ?”

ಈ ಪ್ರಶ್ನೆಗೆ ಒಂದು ಚೀಟಿಯಲ್ಲಿ ಉತ್ತರ ಬರೆದು ಕೊಡಲು ಬಾರದು. ಆದರೆ ನಾವು ಬಂದು ನೆಲೆಸಿರುವ ಈ ಡಚ್ಚರ ನಾಡಿಗೂ ಈ ಪ್ರಶ್ನೆಗೂ ನೂರು ವರ್ಷಗಳಿಗೂ ಮಿಕ್ಕಿದ ಸಂಬಂಧವುಂಟು. ಆ ಕಥೆಯಲ್ಲಿ ನಮ್ಮ ಅನ್ನವೂ ಸೇರಿಕೊಂಡಿದೆ. ಇಂದಿನ ಮಾತು ಅದರ ಬಗೆಗೆ.

ಡಚ್ಚರಿಗೆ ಅನ್ನ ಹೊಸದಲ್ಲ. 17ನೆಯ ಶತಮಾನದಲ್ಲಿ, ಕೆಳದಿ ನಾಯಕರ ಆಳ್ವಿಕೆಯಲ್ಲಿ, ಕುಂದಾಪುರದ ಬಳಿಯ ಬಸರೂರಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ಅವರು ಅಲ್ಲಿ ಕೊಳ್ಳುತ್ತಿದ್ದ ಸರಕುಗಳಲ್ಲಿ ಮುಖ್ಯವಾದುದು ನಮ್ಮ ಕರಾವಳಿಯ ಅಕ್ಕಿ. ಅದೇ ಕಂಪನಿಯ ವೈದ್ಯ ಯಾಕೋಬ್ ಬೋಂಟಿಯಸ್ ಜಾವಾ ದ್ವೀಪದ ಬಟಾವಿಯದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಕಂಡ ಒಂದು ರೋಗವನ್ನು ಬಣ್ಣಿಸಿದ್ದಾನೆ. ಕೈಕಾಲು ಜೋಮು ಹಿಡಿಯುತ್ತದೆ, ನಡಿಗೆ ಕುರಿಯ ನಡಿಗೆಯಂತಾಗುತ್ತದೆ. ಸ್ಥಳೀಯರು ಅದನ್ನು ಬೆರಿಬೆರಿ ಎನ್ನುತ್ತಿದ್ದರು. ಬೋಂಟಿಯಸ್ 1631ರಲ್ಲಿ ತೀರಿಕೊಂಡ. ಅವನ ಗ್ರಂಥ ಅಚ್ಚಾದುದು 1642ರಲ್ಲಿ. ಆ ರೋಗದ ಕಾರಣ ತಿಳಿಯಲು ಮತ್ತೆ ಇನ್ನೂರೈವತ್ತು ವರ್ಷ ಬೇಕಾಯಿತು.

1873ರಲ್ಲಿ ಸುಮಾತ್ರದ ಆಚೆ ಪ್ರಾಂತದಲ್ಲಿ ಡಚ್ಚರು ಯುದ್ಧಕ್ಕಿಳಿದರು. ಆ ಯುದ್ಧ ದಶಕಗಳ ಕಾಲ ಎಳೆಯಿತು. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಬೆರಿಬೆರಿಗೆ ಕಂಗಾಲಾದರು. ಸರ್ಕಾರ ಎಚ್ಚತ್ತುದು ಪ್ರಜೆಗಳ ಮೇಲಿನ ಕರುಣೆಯಿಂದಲ್ಲ, ಸೈನ್ಯ ಸೊರಗಿತೆಂಬ ಚಿಂತೆಯಿಂದ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. 1886ರಲ್ಲಿ ಪೇಕಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ವಿದ್ವಾಂಸರ ಆಯೋಗ ಜಾವಾಕ್ಕೆ ಹೊರಟಿತು. ಅವರ ಜೊತೆಗೆ ಹೋದವನು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್‌ನ ಬಳಿ ಸೂಕ್ಷ್ಮಜೀವಿಶಾಸ್ತ್ರ ಕಲಿತಿದ್ದ ಸೈನ್ಯದ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್. ಅದು ರೋಗಾಣುಗಳ ಯುಗ. ಕ್ಷಯಕ್ಕೆ ರೋಗಾಣು, ಕಾಲರಾಕ್ಕೆ ರೋಗಾಣು. ಹಾಗಾದರೆ ಬೆರಿಬೆರಿಗೂ ಒಂದು ಇರಲೇಬೇಕು ಎಂದು ಎಲ್ಲರೂ ನಂಬಿದ್ದರು. ಆಯೋಗ ಮರಳಿ ಹೋದ ಮೇಲೆ ಐಕ್‌ಮನ್ ಬಟಾವಿಯದ ಸೇನಾ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥನಾಗಿ ಉಳಿದು, ರೋಗಿಗಳ ರಕ್ತವನ್ನು ಕೋಳಿಗಳಿಗೆ ಚುಚ್ಚುತ್ತ ರೋಗಾಣುವನ್ನು ಹುಡುಕತೊಡಗಿದ.

ಕೋಳಿಗಳು ಕಾಲು ಸೋತು ಬಿದ್ದವು. ಆದರೆ ರಕ್ತ ಚುಚ್ಚಿದ ಕೋಳಿಗಳ ಜೊತೆಗೆ ಚುಚ್ಚದೆ ಬಿಟ್ಟವೂ ಬಿದ್ದವು! ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು: ಬಿದ್ದ ಕೋಳಿಗಳೆಲ್ಲ ತಮ್ಮಷ್ಟಕ್ಕೆ ಎದ್ದು ಓಡಾಡತೊಡಗಿದವು. ವಿಚಾರಿಸಿದಾಗ ತಿಳಿದ ಸಂಗತಿ ಅಡಿಗೆಮನೆಯದು. ಖರ್ಚು ಉಳಿಸಲೆಂದು ಪ್ರಯೋಗಾಲಯದವರು ಕೋಳಿಗಳಿಗೆ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದರು. ನಡುವೆ ಅಡಿಗೆಯವನು ಬದಲಾದ. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಏಕೆ ಕೊಡಬೇಕೆಂದು ಹೊಸಬ ನಿರಾಕರಿಸಿದ. ಕೋಳಿಗಳು ಅಗ್ಗದ, ಪಾಲಿಷ್ ಮಾಡದ ಅಕ್ಕಿಗೆ ಮರಳಿದವು, ರೋಗ ಮಾಯವಾಯಿತು. ಐಕ್‌ಮನ್ ತನ್ನ ನೊಬೆಲ್ ಉಪನ್ಯಾಸದಲ್ಲಿ ಈ ಅಡಿಗೆಯವನನ್ನು ನೆನೆದಿದ್ದಾನೆ, ಹೆಸರು ಹೇಳದೆ. ವೈದ್ಯವಿಜ್ಞಾನ ಇಷ್ಟೊಂದು ಋಣಿಯಾಗಿರುವ ಜಿಪುಣ ಇನ್ನೊಬ್ಬನಿರಲಾರ.

ಕೋಳಿಗೆ ಆದುದು ಮನುಷ್ಯನಿಗೂ ಆದೀತೇ? ಜಾವಾದ ಆರೋಗ್ಯ ಇಲಾಖೆಯ ಪರಿವೀಕ್ಷಕ ಅಡಾಲ್ಫ್ ಫೋರ್ಡರ್‌ಮನ್ ಎಂಬಾತ ದ್ವೀಪದ ನೂರೊಂದು ಸೆರೆಮನೆಗಳ ಲೆಕ್ಕ ತೆಗೆದ. ಸುಮಾರು 2,80,000 ಕೈದಿಗಳು. ಪಾಲಿಷ್ ಮಾಡಿದ ಅಕ್ಕಿ ತಿನ್ನಿಸುವ ಸೆರೆಮನೆಗಳಲ್ಲಿ 39 ಜನರಿಗೊಬ್ಬನಂತೆ ಬೆರಿಬೆರಿ. ಕೆಂಪು ಪೊರೆ ಉಳಿಸಿದ ಅಕ್ಕಿ ತಿನ್ನಿಸುವೆಡೆ 10,000 ಜನರಲ್ಲಿ ಹೆಚ್ಚುಕಡಿಮೆ ಒಬ್ಬ. ಕಂಪ್ಯೂಟರಾಗಲಿ ಸಂಖ್ಯಾಶಾಸ್ತ್ರದ ಸೂತ್ರಗಳಾಗಲಿ ಇಲ್ಲದ ಕಾಲದಲ್ಲಿ ನಡೆದ ಈ ಗಣತಿ 1897ರಲ್ಲಿ ಪ್ರಕಟವಾಯಿತು. ಇಷ್ಟು ನಿಚ್ಚಳವಾದ ಅಂತರವನ್ನು ಇಂದಿನ ಔಷಧಿ ಪರೀಕ್ಷೆಗಳಲ್ಲಿ ನಾವು ಎಂದೂ ಕಾಣೆವು.

ಆದರೂ ಐಕ್‌ಮನ್‌ಗೆ ಕಾರಣ ಸರಿಯಾಗಿ ಹೊಳೆಯಲಿಲ್ಲ. ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಪ್ರತಿವಿಷವಿದೆ ಎಂದು ಆತ ಬಗೆದ. ರೋಗಾಣುವಿನ ಕಾಲದಲ್ಲಿ ಬೆಳೆದ ಮನಸ್ಸು ರೋಗಕ್ಕೊಂದು ಶತ್ರುವನ್ನು ಹುಡುಕುತ್ತದೆ; ಇಲ್ಲದಿರುವುದೇ ರೋಗವಾಗಬಲ್ಲದೆಂದು ಒಪ್ಪುವುದು ಅದಕ್ಕೆ ಕಷ್ಟ. ಅವನ ಜಾಗಕ್ಕೆ ಬಂದ ಗೆರಿಟ್ ಗ್ರೈನ್ಸ್ 1901ರಲ್ಲಿ ಅದನ್ನು ಹೇಳಿದ: ಆಹಾರದಲ್ಲಿ ನರಗಳಿಗೆ ಅಗತ್ಯವಾದ ಯಾವುದೋ ಒಂದು ವಸ್ತುವಿದೆ, ಅದರ ಕೊರತೆಯೇ ಬೆರಿಬೆರಿ. 1929ರ ನೊಬೆಲ್ ಪಾರಿತೋಷಕ ಇಂಗ್ಲೆಂಡಿನ ಹಾಪ್‌ಕಿನ್ಸ್‌ನೊಡನೆ ಐಕ್‌ಮನ್‌ಗೆ ಹೋಯಿತು. ಆತ ಆಗ ಯುಟ್ರೆಕ್ಟಿನಲ್ಲಿ ಕಾಯಿಲೆಯಿಂದ ಮಲಗಿದ್ದು, ಸ್ಟಾಕ್‌ಹೋಮಿಗೆ ಹೋಗಲಾರದೆ, ಮರುವರ್ಷ ತೀರಿಕೊಂಡ. ವಾಗೆನಿಂಗನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಗ್ರೈನ್ಸ್‌ಗೆ ಆ ಗೌರವದಲ್ಲಿ ಪಾಲು ದೊರೆಯಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ಅನ್ಯಾಯವೇ. ಇಲ್ಲಿನ ಅಂಗಡಿಗಳಲ್ಲಿ ಪಾಲಿಷ್ ಮಾಡದ ಅಕ್ಕಿಯ ಪೊಟ್ಟಣದ ಮೇಲೆ ‘ಜಿಲ್ವರ್‌ಫ್ಲೀಸ್’ ಎಂದು ಬರೆದಿರುತ್ತದೆ, ‘ಬೆಳ್ಳಿಪೊರೆ’ಯ ಅಕ್ಕಿ ಎಂದು. ಜಾವಾದ ಆ ಪ್ರಯೋಗಗಳಲ್ಲಿ ಬಳಸಿದ ಮಾತೂ ಇದೇ.

ಇಲ್ಲಿ ನಮ್ಮ ಕರಾವಳಿಯವರು ಎದೆ ತಟ್ಟಿಕೊಳ್ಳಬಹುದು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಕುಚ್ಚಲಕ್ಕಿಯನ್ನು ಬೆಳ್ತಿಗೆ ಅಕ್ಕಿ ತಿನ್ನುವ ಘಟ್ಟದ ಮೇಲಿನವರು ಹಾಸ್ಯ ಮಾಡುವುದುಂಟು. ಆದರೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವಾಗ ತೌಡಿನಲ್ಲಿರುವ ಆ ಸತ್ತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಮತ್ತೆ ಗಿರಣಿಯಲ್ಲಿ ಎಷ್ಟು ಉಜ್ಜಿದರೂ ಪೂರಾ ಹೋಗುವುದಿಲ್ಲ. ಹಳೆಯ ಮದ್ರಾಸ್ ಪ್ರಾಂತದಲ್ಲಿ ಬೆರಿಬೆರಿ ಹಾವಳಿಯಿಟ್ಟದ್ದು ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರದ ಉತ್ತರ ಕರಾವಳಿಯಲ್ಲಿ. ಕುಚ್ಚಲಕ್ಕಿ ಉಣ್ಣುವವರ ಕಡೆಗೆ ಅದು ಸುಳಿದದ್ದು ಕಡಿಮೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಒಂದು ಕೋಣೆಯಲ್ಲಿ ಆರಂಭಿಸಿದ ಬೆರಿಬೆರಿ ವಿಚಾರಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ರಾಗಿ ಮುದ್ದೆ ಉಣ್ಣುವ ಬಯಲುಸೀಮೆಯವರಿಗೆ ಈ ಚಿಂತೆಯೇ ಇರಲಿಲ್ಲ; ರಾಗಿಯನ್ನು ಪಾಲಿಷ್ ಮಾಡುವ ಹುಚ್ಚು ಯಾರಿಗೂ ಹಿಡಿದಿರಲಿಲ್ಲ.

ತೌಡಿನೊಳಗಿನ ವಸ್ತುವನ್ನು ಹರಳಾಗಿ ಬೇರ್ಪಡಿಸಿದವರು ಬಟಾವಿಯದ ಅದೇ ಪ್ರಯೋಗಾಲಯದ ಯಾನ್ಸೆನ್ ಮತ್ತು ಡೋನಾಟ್. ವರ್ಷ 1926. ನೂರಾರು ಕಿಲೋ ತೌಡಿನಿಂದ ದೊರೆತದ್ದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಅದರ ರಚನೆಯನ್ನು ಬಿಡಿಸಿ 1936ರಲ್ಲಿ ಕೃತಕವಾಗಿ ತಯಾರಿಸಿದವನು ಅಮೆರಿಕದ ರಾಬರ್ಟ್ ವಿಲಿಯಮ್ಸ್. ಆತ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ, ಪಾದ್ರಿಗಳ ಮನೆಯಲ್ಲಿ. ಇದೇ ಇಂದಿನ ಥಯಮಿನ್, ಎಂದರೆ ಬಿ1 ಜೀವಸತ್ತ್ವ. ದಿನಕ್ಕೆ ಒಂದು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ದೇಹದ ಉಗ್ರಾಣದಲ್ಲಿರುವುದು ಮೂವತ್ತು ಮಿಲಿಗ್ರಾಂ ಮಾತ್ರ. ಒಳಹರಿವು ನಿಂತರೆ ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ.

ಈ ಚಿಟಿಕೆಯಷ್ಟು ವಸ್ತು ಮಾಡುವುದಾದರೂ ಏನು? ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ 1930ರ ದಶಕದಲ್ಲಿ ಪಾರಿವಾಳಗಳ ಮಿದುಳನ್ನು ಪರೀಕ್ಷಿಸಿ ಉತ್ತರ ಕೊಟ್ಟ. ಥಯಮಿನ್ ಇಲ್ಲದ ಮಿದುಳಿನಲ್ಲಿ ಸಕ್ಕರೆ ಅರ್ಧ ದಾರಿಯವರೆಗೆ ಒಡೆದು ಪೈರುವೇಟ್ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯವೆಂಬ ಸಣ್ಣ ಒಲೆಗಳಿವೆ. ಪೈರುವೇಟ್ ಅದರೊಳಗೆ ಹೋಗಿ ಉರಿದರಷ್ಟೆ ಜೀವಕ್ಕೆ ಬೇಕಾದ ಶಕ್ತಿ ದೊರೆಯುತ್ತದೆ. ಆ ಒಲೆಯಲ್ಲಿ ಪೈರುವೇಟಿಗೆ ಕಿಡಿ ತಾಗಿಸುವ ಕಿಣ್ವ ಥಯಮಿನ್ ಇಲ್ಲದೆ ಕೆಲಸ ಮಾಡದು. ಸೌದೆಯುಂಟು, ಒಲೆಯುಂಟು, ಕಡ್ಡಿಪೆಟ್ಟಿಗೆ ಇಲ್ಲ! ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು ನಾವು ಉಸಿರಾಡುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ಬಳಸುತ್ತದೆ. ಆದ್ದರಿಂದ ಉಪವಾಸದ ಬಾಧೆ ಅದಕ್ಕೇ ಮೊದಲು. ಹೀಗೆ ನೋಡಿದರೆ ಮೈಟೋಕಾಂಡ್ರಿಯದ ಚಿಕಿತ್ಸೆ ಎಂದು ಇಂದು ಬಲು ಹೊಸದೆಂಬಂತೆ ಹೇಳುವುದರ ಅತ್ಯಂತ ಹಳೆಯ ಉದಾಹರಣೆ ಆ ಕೋಳಿಗಳಿಗೆ ಹಾಕಿದ ತೌಡು.

ಯಾನ್ಸೆನ್ ಹಾಲೆಂಡಿಗೆ ಮರಳಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ. 1955ರಲ್ಲಿ ಆ ಪೀಠಕ್ಕೆ ಬಂದವನು ಆಸ್ಟ್ರೇಲಿಯದಲ್ಲಿ ಹುಟ್ಟಿದ ಬಿಲ್ ಸ್ಲೇಟರ್. ತೌಡಿನ ಹರಳು ತೆಗೆದವನ ಕುರ್ಚಿಯಲ್ಲಿ ಕುಳಿತ ಸ್ಲೇಟರ್ ಆಮ್‌ಸ್ಟರ್‌ಡ್ಯಾಮನ್ನು ಮೈಟೋಕಾಂಡ್ರಿಯ ಸಂಶೋಧನೆಯ ಯಾತ್ರಾಸ್ಥಳವಾಗಿಸಿದ. ಅಲ್ಲಿನ ಶಕ್ತಿ ಒಂದು ರಾಸಾಯನಿಕ ವಸ್ತುವಿನ ರೂಪದಲ್ಲಿ ಕೈಯಿಂದ ಕೈಗೆ ಹೋಗುತ್ತದೆಂದು 1953ರಲ್ಲಿ ಆತ ಊಹಿಸಿದ್ದ. ಆ ವಸ್ತುವನ್ನು ಹಿಡಿಯಲು ಜಗತ್ತಿನ ಹಲವು ಪ್ರಯೋಗಾಲಯಗಳು ವರ್ಷಗಟ್ಟಲೆ ಹೆಣಗಿದವು. ಅಂತಹ ವಸ್ತುವೇ ಇರಲಿಲ್ಲ. ಪೊರೆಯ ಎರಡು ಕಡೆಗಳ ಹೈಡ್ರೊಜನ್ ಅಯಾನುಗಳ ಅಂತರದಲ್ಲಿ, ಅಣೆಕಟ್ಟಿನ ನೀರಿನಂತೆ, ಶಕ್ತಿ ಅಡಗಿದೆಯೆಂದು ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಹೇಳಿದ. ಜೋಗದ ವಿದ್ಯುದಾಗಾರ ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಬಲವಾದ ವಾದವಿವಾದಗಳ ಬಳಿಕ 1977ರಲ್ಲಿ ಸ್ಲೇಟರ್, ಮಿಚೆಲ್ ಮತ್ತಿತರ ನಾಲ್ವರು ಎದುರಾಳಿಗಳು ಒಂದೇ ಲೇಖನದಲ್ಲಿ ತಂತಮ್ಮ ನಿಲುವನ್ನು ಬರೆದರು. ಮರುವರ್ಷ ಮಿಚೆಲ್‌ಗೆ ನೊಬೆಲ್ ಬಂದಿತು. ಈ ನಡುವೆ, 1966ರಲ್ಲಿ, ಸ್ಲೇಟರ್‌ನ ಶಿಷ್ಯ ಪೀಟ್ ಬೋರ್ಸ್ಟ್ ಮತ್ತು ಗ್ರೋನಿಂಗನ್ನಿನ ವಾನ್ ಬ್ರುಗ್ಗನ್ ಮೈಟೋಕಾಂಡ್ರಿಯದೊಳಗಿನ ಡಿ.ಎನ್.ಎ. ಬಳೆಯ ಆಕಾರದ್ದೆಂದು ತೋರಿಸಿದರು. ಅದಕ್ಕೆ ಅವರು ಬಳಸಿದ ಪ್ರಾಣಿಗಳಲ್ಲಿ ಮತ್ತೆ ಕೋಳಿಯೂ ಇತ್ತು. ಈ ಬಳೆ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ.

ಇನ್ನು ಮರೆವಿನ ಮಾತು. 1881ರಲ್ಲಿ ಕಾರ್ಲ್ ವರ್ನಿಕೆ ಜರ್ಮನಿಯಲ್ಲಿ ಒಂದು ತೀವ್ರ ಮಿದುಳಿನ ಬೇನೆಯನ್ನೂ, ಕೆಲವು ವರ್ಷಗಳ ಬಳಿಕ ಸೆರ್ಗೇಯ್ ಕೋರ್ಸಕಾಫ್ ರಷ್ಯದಲ್ಲಿ ಒಂದು ವಿಚಿತ್ರ ಮರೆವನ್ನೂ ಬಣ್ಣಿಸಿದರು. ಎರಡೂ ಒಂದೇ ಥಯಮಿನ್ ಕೊರತೆಯ ಎರಡು ಹಂತಗಳೆಂಬುದಕ್ಕೆ ಬಲವಾದ ಸಾಕ್ಷಿ ಒದಗಿದ್ದು ಎರಡನೆಯ ಮಹಾಯುದ್ಧದಲ್ಲಿ, ಸಿಂಗಪುರದ ಯುದ್ಧಕೈದಿಗಳ ಶಿಬಿರದಲ್ಲಿ. ಜಪಾನೀಯರು ಕೊಡುತ್ತಿದ್ದ ಬಿಳಿ ಅನ್ನ ತಿಂದು ಕಣ್ಣು ಹೊರಳಿ, ಬುದ್ಧಿ ಮಂಕಾಗಿ, ನೆನಪು ಕಳೆದುಕೊಂಡ 52 ಸೈನಿಕರ ವಿವರವನ್ನು ಡಿ ವಾರ್ಡನರ್ ಮತ್ತು ಲೆನಾಕ್ಸ್ ಎಂಬ ಬ್ರಿಟಿಷ್ ವೈದ್ಯರು ಬರೆದಿಟ್ಟರು. ಆ ಟಿಪ್ಪಣಿಗಳನ್ನು ಡಬ್ಬಿಯಲ್ಲಿ ಹಾಕಿ ಮಣ್ಣಿನಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ಅಗೆದು ತೆಗೆದು, 1947ರಲ್ಲಿ ಪ್ರಕಟಿಸಿದರು. ಅಲ್ಲಿದ್ದವರು ಕುಡುಕರಲ್ಲ, ಹಸಿದವರು. ಈ ರೋಗ ಕುಡುಕರದೆಂಬ ಕಳಂಕ ಇಂದಿಗೂ ಪೂರ್ತಿ ಹೋಗಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ನಾವು ಎಂ.ಬಿ.ಬಿ.ಎಸ್. ಓದುವಾಗ ಬೆರಿಬೆರಿಯನ್ನು ಪರೀಕ್ಷೆಗಾಗಿ ಉರು ಹೊಡೆದವರು. ಒಣ ಬೆರಿಬೆರಿ, ನೀರು ಬೆರಿಬೆರಿ ಎಂದು ಎರಡು ಸಾಲು, ಅಷ್ಟೆ. ಈ ದೇಶದಲ್ಲಿ ತರಬೇತಿಗೆ ಬಂದ ಮೊದಲ ಚಳಿಗಾಲದಲ್ಲಿ ಕೋರ್ಸಕಾಫ್ ರೋಗಿಯೊಬ್ಬರನ್ನು ಕಂಡೆವು. ಎದುರಿಗೆ ನಿಂತು ನಮಸ್ಕರಿಸಿದಾಗ ಅವರು ಬಹಳ ಸೌಜನ್ಯದಿಂದ ಕುಶಲ ಕೇಳಿ, ನಾವು ನಿನ್ನೆ ಜೊತೆಯಾಗಿ ಮೀನು ಹಿಡಿಯಲು ಹೋಗಿದ್ದೆವೆಂದು ಸವಿಸ್ತಾರವಾಗಿ ಹೇಳಿದರು. ಹೋಗಿರಲಿಲ್ಲ. ಬಾಗಿಲಾಚೆ ಹೋಗಿ ಐದು ನಿಮಿಷದಲ್ಲಿ ಮರಳಿದಾಗ ನಮ್ಮನ್ನು ಮೊದಲ ಬಾರಿಗೆ ಕಂಡಂತೆ ಕೈಕುಲುಕಿದರು. ಅವರು ಸುಳ್ಳುಗಾರರಲ್ಲ, ಖಾಲಿಯಾದ ಜಾಗವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಇಂತಹವರಿಗಾಗಿಯೇ ಹಾಲೆಂಡಿನಲ್ಲಿ ವಿಶೇಷ ಆಸ್ಪತ್ರೆಗಳೂ ಆಶ್ರಯಧಾಮಗಳೂ ಇವೆ. ವೆನ್‌ರೈಯ ವಿನ್ಸೆಂಟ್ ವಾನ್ ಗೋ ಸಂಸ್ಥೆಯಲ್ಲೂ ರಾಟರ್‌ಡ್ಯಾಮಿನ ಸ್ಲಿಂಗೆಡಾಲ್‌ನಲ್ಲೂ ಈ ಒಂದು ರೋಗಕ್ಕೆಂದೇ ಮೀಸಲಾದ ವಿಭಾಗಗಳಿವೆ. ಬೆರಿಬೆರಿಯ ಬೀಗ ತೆರೆದ ದೇಶವೇ ಅದರ ಕೊನೆಯ ಹಂತದವರನ್ನು ಇಷ್ಟು ಜತನದಿಂದ ನೋಡಿಕೊಳ್ಳುತ್ತಿದೆ.

ಥಯಮಿನ್ ಹೊರಗಿನಿಂದ ಬರುವ ಕಡ್ಡಿಪೆಟ್ಟಿಗೆ. ಒಲೆಯೇ ಬಿರುಕುಬಿಟ್ಟಿದ್ದರೆ? ಅಂತಹ ಮೊದಲ ರೋಗಿಯನ್ನು ಸ್ವೀಡನ್ನಿನ ರಾಲ್ಫ್ ಲುಫ್ಟ್ 1962ರಲ್ಲಿ ವಿವರಿಸಿದ. 1992ರಲ್ಲಿ ಲೈಡನ್ನಿನ ಸಂಶೋಧಕರು ಒಂದು ದೊಡ್ಡ ಡಚ್ ಕುಟುಂಬದಲ್ಲಿ ತಾಯಿಯ ಕಡೆಯಿಂದ ಇಳಿದುಬರುವ ಸಕ್ಕರೆ ಕಾಯಿಲೆ ಮತ್ತು ಕಿವುಡುತನಕ್ಕೆ ಆ ಡಿ.ಎನ್.ಎ. ಬಳೆಯ 3243ನೆಯ ಸ್ಥಾನದ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು ತೋರಿಸಿದರು. ಬಳೆಯಲ್ಲಿರುವ ಅಕ್ಷರಗಳು 16,569. ಅದೇ ಬದಲಾವಣೆ ಇನ್ನು ಕೆಲವರಲ್ಲಿ ಎಳೆಯ ವಯಸ್ಸಿನಲ್ಲೇ ಪಾರ್ಶ್ವವಾಯುವಿನಂತಹ ಆಘಾತವನ್ನೂ ಬುದ್ಧಿಯ ಕುಸಿತವನ್ನೂ ತರುತ್ತದೆ. ನೈಮೇಗನ್ನಿನ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಮಕ್ಕಳ ವೈದ್ಯ ಯಾನ್ ಸ್ಮೈಟಿಂಕ್ ತಮ್ಮ ಬದುಕನ್ನೇ ಈ ರೋಗಗಳಿಗೆ ಮೀಸಲಿಟ್ಟವರು. ಅವರು 2012ರಲ್ಲಿ ಖೋಂಡ್ರಿಯನ್ ಎಂಬ ಕಂಪನಿ ಆರಂಭಿಸಿ ಸೋನ್ಲಿಕ್ರೊಮನಾಲ್ ಎಂಬ ಔಷಧಿಯನ್ನು ರೂಪಿಸಿದರು. 2019ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ ಇದ್ದವರು 20 ರೋಗಿಗಳು. ನಡಿಗೆ ಸುಧಾರಿಸಲಿಲ್ಲ, ಎಚ್ಚರ ಮತ್ತು ಮನಸ್ಸಿನ ಉತ್ಸಾಹದಲ್ಲಿ ಕೊಂಚ ಒಳ್ಳೆಯ ಸುಳಿವು ಕಂಡಿತು. ಆ ಸುಳಿವನ್ನೇ ಗುರಿಯಾಗಿಸಿಕೊಂಡ ಮುಂದಿನ ಪರೀಕ್ಷೆಯಲ್ಲಿ ಮುಖ್ಯ ಅಳತೆಗೋಲಾದ ಗಮನಶಕ್ತಿ ನಿರೀಕ್ಷಿಸಿದಷ್ಟು ಏರಲಿಲ್ಲ. ಬೇರೆ ಕೆಲವು ಅಳತೆಗಳಲ್ಲಿ ಆಸೆ ಉಳಿಯಿತು. ಇದು ಸೋಲೇ ಗೆಲುವೇ ಎಂದು ಕೇಳಿದರೆ, ಅಪರೂಪದ ರೋಗದಲ್ಲಿ ಇಷ್ಟೇ ಜನರನ್ನಿಟ್ಟುಕೊಂಡು ನಡೆದ ಪ್ರಾಮಾಣಿಕ ಪರೀಕ್ಷೆ ಎಂದು ಮಾತ್ರ ಹೇಳಬಲ್ಲೆವು.

ಅಜ್ಜನ ಅರಳುಮರಳು ಇದಕ್ಕಿಂತ ಜಟಿಲ. ಆಲ್‌ಝೈಮರ್, ಪಾರ್ಕಿನ್ಸನ್ ರೋಗಗಳಲ್ಲಿ ಮೈಟೋಕಾಂಡ್ರಿಯ ಸೊರಗಿರುವುದು ನಿಜ. ಆದರೆ ಅದು ಬೆಂಕಿಯೋ ಬೂದಿಯೋ? ಪಾರ್ಕಿನ್ಸನ್ ರೋಗದಲ್ಲಿ ಬೆಂಕಿಯ ಕಡೆಗೆ ಸಾಕ್ಷಿಗಳಿವೆ. ಆದರೂ ಕೊಎನ್ಜೈಮ್ ಕ್ಯೂ 10 ಅನ್ನು 600 ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆಯನ್ನು ಪ್ರಯೋಜನ ಕಾಣದೆ ನಿಲ್ಲಿಸಬೇಕಾಯಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕ್ರಿಯಾಟಿನ್‌ಗೂ 1,741 ರೋಗಿಗಳ ಪರೀಕ್ಷೆಯಲ್ಲಿ ಇದೇ ಗತಿ, 2015ರಲ್ಲಿ. ಆಲ್‌ಝೈಮರ್‌ಗೆ ಐಡಿಬಿನೋನ್ 2003ರಲ್ಲಿ, ಡಿಮೆಬಾನ್ 2010ರಲ್ಲಿ ಸೋತವು. ಅದೇ ಐಡಿಬಿನೋನ್, ಮೈಟೋಕಾಂಡ್ರಿಯದ ಡಿ.ಎನ್.ಎ. ದೋಷದಿಂದಲೇ ಬರುವ ಲೇಬರ್ ಎಂಬ ಅಪರೂಪದ ಕಣ್ಣಿನ ರೋಗಕ್ಕೆ 2015ರಲ್ಲಿ ಯುರೋಪಿನಲ್ಲಿ ಮಂಜೂರಾಗಿದೆ. ಒಲೆಯಲ್ಲೇ ದೋಷವಿದ್ದರೆ ಒಲೆಗೆ ಮದ್ದು ಕೊಂಚವಾದರೂ ತಾಗುತ್ತದೆ. ಮನೆಗೇ ಬೆಂಕಿ ಬಿದ್ದಿರುವಾಗ ಒಲೆ ಊದಿದರೆ ಏನು ಫಲ? ಇನ್ನೊಂದು ಕುತೂಹಲದ ಸಂಗತಿ: ಥಯಮಿನ್‌ನ ಒಂದು ರೂಪವಾದ ಬೆನ್‌ಫೋಟಯಮಿನ್ ಅನ್ನು ಅಮೆರಿಕದಲ್ಲಿ ಆಲ್‌ಝೈಮರ್‌ನ ಆರಂಭದ ಹಂತದ 70 ಮಂದಿಗೆ ಒಂದು ವರ್ಷ ಕೊಟ್ಟು ನೋಡಿದರು. 2020ರ ಆ ವರದಿ ಆಶಾದಾಯಕವಾಗಿತ್ತು, ಆದರೆ ತೀರ್ಮಾನಕ್ಕೆ ಸಾಲದು. ಅನಂತರ ದೊಡ್ಡ ಪರೀಕ್ಷೆಗೆ ಕೈಹಾಕಿದ್ದಾರೆ. ನೂರಿಪ್ಪತ್ತು ವರ್ಷ ಸುತ್ತಿ ಮತ್ತೆ ತೌಡಿನ ಬುಡಕ್ಕೇ ಬಂದಂತಾಯಿತು.

ಆದ್ದರಿಂದ ಮಾತ್ರೆ ಕಳುಹಿಸಬಹುದೇ ಎಂದವರಿಗೆ ನಾವು ಹೇಳುವುದು: ಮೈಟೋಕಾಂಡ್ರಿಯದ ಹೆಸರು ಹಚ್ಚಿದ ದುಬಾರಿ ಡಬ್ಬಿಗಳಿಗೆ ಹಣ ಸುರಿಯಬೇಡಿ. ಅದರ ಬದಲು ತಂದೆಯವರನ್ನು ಊರಿನಲ್ಲಿ ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ಇಲ್ಲಿಗೆ ಬಂದಿದ್ದರೆ ಹೌಸಾರ್ಟ್ಸ್ ಬಳಿಗೆ ಕರೆದೊಯ್ಯಿರಿ. ಥೈರಾಯ್ಡ್ ನೋಡಲಿ. ಬಿ12 ನೋಡಲಿ, ಸಸ್ಯಾಹಾರಿಗಳಾದ ನಮ್ಮಲ್ಲಿ ಅದರ ಕೊರತೆ ಸಾಮಾನ್ಯ. ಕಿವಿ ಕೇಳಿಸುತ್ತಿದೆಯೇ, ಮನಸ್ಸು ಕುಗ್ಗಿದೆಯೇ, ನಿದ್ದೆಗೆಂದು ನುಂಗುವ ಮಾತ್ರೆಗಳೆಷ್ಟು ಎಂದು ವಿಚಾರಿಸಲಿ. ಇವುಗಳಿಂದ ಬಂದ ಮರೆವಿಗೆ ಪರಿಹಾರವುಂಟು.

ಬೆರಿಬೆರಿ ಹಳೆಯ ಪುಸ್ತಕದ ರೋಗವೆಂದೂ ಬಗೆಯಬೇಡಿ. ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಬಸುರಿನಲ್ಲಿ ವಾರಗಟ್ಟಲೆ ವಾಂತಿ ಮಾಡುವವರಲ್ಲಿ ಥಯಮಿನ್ ಬರಿದಾಗಿ ವರ್ನಿಕೆಯ ಬೇನೆ ಬರುವುದನ್ನು ಈ ದೇಶದಲ್ಲೂ ಕಾಣುತ್ತೇವೆ. ಅಂತಹವರಿಗೆ ಗ್ಲೂಕೋಸ್ ಏರಿಸುವಾಗ ಥಯಮಿನ್ ಕೊಡದಿದ್ದರೆ, ಸೌದೆ ಹೆಚ್ಚಾಗಿ ಒಲೆ ಇನ್ನಷ್ಟು ಹೊಗೆಯುಗುಳುತ್ತದೆ. ಭಾರತದಲ್ಲಿ ಪಾಲಿಷ್ ಅಕ್ಕಿಯ ಅನ್ನವನ್ನೇ ಉಂಡು, ಪಥ್ಯವೆಂದು ಬೇಳೆ, ತರಕಾರಿಗಳನ್ನು ಬಿಟ್ಟ ಬಾಣಂತಿಯರ ಎದೆಹಾಲಿನಲ್ಲಿ ಥಯಮಿನ್ ಕಡಿಮೆಯಾಗಿ, ಎರಡು ಮೂರು ತಿಂಗಳ ಕೂಸುಗಳು ಏದುಸಿರು ಬಿಡುತ್ತ, ಧ್ವನಿ ಅಡಗಿ ಆಸ್ಪತ್ರೆಗೆ ಬರುವುದನ್ನು ಮಕ್ಕಳ ವೈದ್ಯರು ಈಚಿನ ವರ್ಷಗಳಲ್ಲೂ ವರದಿ ಮಾಡಿದ್ದಾರೆ. ಊರಿನಲ್ಲಿ ಮಗಳ ಬಾಣಂತನಕ್ಕೆಂದು ಹೊರಟಿರುವ ತಾಯಂದಿರು ಈ ಸಭೆಯಲ್ಲೇ ಇದ್ದೀರಿ. ಆ ಕೂಸಿಗೆ ಹೊತ್ತಿಗೆ ಸರಿಯಾಗಿ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಉಸಿರು ಹದಕ್ಕೆ ಬಂದು ಹಾಲು ಕುಡಿಯತೊಡಗುತ್ತದೆ.